ಗಿರಣಿಯವನ ಮಗ ಕಂಡ ಮಧ್ಯಾಹ್ನ

ಲಂಡನ್ನಿನ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯಲ್ಲಿ, ಪುರಾಣಪುರುಷರೂ ಸಂತರೂ ಸಾಮ್ರಾಟರೂ ತುಂಬಿರುವ ಯುರೋಪಿನ ಮಹಾಚಿತ್ರಗಳ ನಡುವೆ, ಹಳ್ಳಿಯೊಂದರ ಹೊಳೆಯನ್ನು ಬರೆದ ತೈಲಚಿತ್ರವೊಂದುಂಟು. ನಾಲ್ಕೂಕಾಲು ಅಡಿ ಎತ್ತರದ, ಆರಡಿಗೆ ತುಸು ಮಿಕ್ಕ ಅಗಲದ ಆ ಕ್ಯಾನ್‌ವಾಸಿನಲ್ಲಿ ಕಥೆಯೆಂದು ಹೇಳಬಹುದಾದುದು ಯಾವುದೂ ನಡೆಯುವುದಿಲ್ಲ. ಬೇಸಗೆಯ ಒಂದು ಮಧ್ಯಾಹ್ನ. ಆಳವಿಲ್ಲದ ನೀರಿನಲ್ಲಿ ಕುದುರೆಗಳನ್ನು ಹೂಡಿದ ಒಂದು ಬರಿಯ ಬಂಡಿ. ದಡದಲ್ಲಿ ಒಂದು ನಾಯಿ. ಎಡಕ್ಕೆ ಮರಗಳ ನೆರಳಿನಲ್ಲಿ ಒಂದು ಹಳೆಯ ಮನೆ. ಬಲಕ್ಕೆ ಬಿಸಿಲು ಬಿದ್ದ ಹುಲ್ಲುಗಾವಲು. ಇವೆಲ್ಲದರ ಮೇಲೆ, ಮೋಡಗಳು ಸರಿದಾಡುತ್ತಿರುವ ವಿಶಾಲವಾದ ಆಕಾಶ. ಜಾನ್ ಕಾನ್‌ಸ್ಟೆಬಲ್ ಎಂಬ ಚಿತ್ರಕಾರ ೧೮೨೧ರಲ್ಲಿ ಬರೆದು ಮುಗಿಸಿದ ಈ ಕೃತಿಯನ್ನು ಲೋಕವು 'ದಿ ಹೇ ವೇನ್', ಅಂದರೆ ಹುಲ್ಲಿನ ಬಂಡಿ, ಎಂಬ ಹೆಸರಿನಿಂದ ಬಲ್ಲದು.

ಇಂಗ್ಲೆಂಡಿನಲ್ಲಿ ಈ ಚಿತ್ರವನ್ನು ನೋಡದವರಿಲ್ಲ. ಕ್ಯಾಲೆಂಡರುಗಳ ಮೇಲೆ, ಬಿಸ್ಕತ್ತಿನ ಡಬ್ಬಗಳ ಮೇಲೆ, ಚಹದ ತಟ್ಟೆಗಳ ಮೇಲೆ ಅಚ್ಚಾಗಿ ಅಚ್ಚಾಗಿ ಅದು ಮನೆಮಾತಾಗಿದೆ, ೨೦೦೫ರಲ್ಲಿ ಬಿ.ಬಿ.ಸಿ. ರೇಡಿಯೋ ನಡೆಸಿದ ಜನಮತಗಣನೆಯಲ್ಲಿ ಬ್ರಿಟನ್ನಿನ ಗ್ಯಾಲರಿಗಳಲ್ಲಿರುವ ಸಮಸ್ತ ಚಿತ್ರಗಳ ಪೈಕಿ, ಟರ್ನರನ ನೌಕಾಚಿತ್ರವೊಂದನ್ನು ಬಿಟ್ಟರೆ, ಇದಕ್ಕೇ ಹೆಚ್ಚಿನ ಮತ ಬಿದ್ದಿತು. ಇಂಥ ಪ್ರಸಿದ್ಧಿಯಿಂದ ಕೃತಿಗೆ ಒಂದು ಹಾನಿಯೂ ಉಂಟು. ಯಾವುದನ್ನು ನಾವು ಬಲ್ಲೆವೆಂದು ಭಾವಿಸುತ್ತೇವೆಯೋ ಅದನ್ನು ಮತ್ತೆ ನೋಡುವ ತೊಂದರೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಹೇ ವೇನ್ ಎಂದೊಡನೆ ಹಳ್ಳಿಯ ಬಾಳಿನ ಒಂದು ಸಿಹಿಯಾದ, ಸುಲಭವಾದ, ಸೋಮಾರಿಯಾದ ಕಲ್ಪನೆಯೇ ಅನೇಕರ ಮನಸ್ಸಿಗೆ ಬರುತ್ತದೆ. ವಸ್ತುತಃ ಅದು ದುಡಿಮೆಯ ಚಿತ್ರ. ಗಾಳಿ, ನೀರು, ಮಳೆ, ಬಿಸಿಲುಗಳನ್ನು ನಂಬಿ ಬದುಕಿದ ಒಂದು ಮನೆತನದಲ್ಲಿ ಹುಟ್ಟಿ, ಅವುಗಳ ನಡೆಯನ್ನು ಕಸುಬುಗಾರನ ಕಣ್ಣಿನಿಂದ ಕಲಿತವನೊಬ್ಬನ ಸತ್ಯನಿಷ್ಠೆ ಅದರ ಅಂಗುಲ ಅಂಗುಲದಲ್ಲಿಯೂ ಇದೆ.

ಗಿರಣಿಯ ಮನೆತನ

ಕಾನ್‌ಸ್ಟೆಬಲ್ ಹುಟ್ಟಿದುದು ೧೭೭೬ರ ಜೂನ್ ೧೧ರಂದು, ಪೂರ್ವ ಇಂಗ್ಲೆಂಡಿನ ಸಫಕ್ ಪ್ರಾಂತದ ಈಸ್ಟ್ ಬರ್ಗ್‌ಹೋಲ್ಟ್ ಎಂಬ ಗ್ರಾಮದಲ್ಲಿ. ತಂದೆ ಗೋಲ್ಡಿಂಗ್ ಕಾನ್‌ಸ್ಟೆಬಲ್ ಧಾನ್ಯದ ವರ್ತಕ. ಸ್ಟೌರ್ ನದಿಯ ಮೇಲಿನ ಫ್ಲಾಟ್‌ಫರ್ಡ್ ಮತ್ತು ಡೆಡಮ್ ಎಂಬ ಎರಡೂ ಊರುಗಳ ನೀರಿನ ಗಿರಣಿಗಳು ಆತನವು. ಗಿರಣಿಯಲ್ಲಿ ಬೀಸಿದ ಹಿಟ್ಟು ದೋಣಿಗಳಲ್ಲಿ ನದಿಯ ಮುಖಕ್ಕೆ ಸಾಗಿ, ಅಲ್ಲಿಂದ ಆತನದೇ ಆದ ಚಿಕ್ಕ ಹಡಗಿನಲ್ಲಿ ಲಂಡನ್ನಿಗೆ ಹೋಗುತ್ತಿತ್ತು. ಹಿರಿಯ ಮಗ ವ್ಯವಹಾರಕ್ಕೆ ಶಕ್ತನಾಗಿರಲಿಲ್ಲವಾದುದರಿಂದ ಎರಡನೆಯವನಾದ ಜಾನನೇ ಗಿರಣಿಗಳ ಭಾರವನ್ನು ಹೊರಬೇಕೆಂಬುದು ತಂದೆಯ ಇಚ್ಛೆ. ಅದಕ್ಕೆ ಒಪ್ಪಿ, ಕಲಾಶಾಲೆಯ ಮೆಟ್ಟಿಲು ಹತ್ತುವ ಮೊದಲು, ಆತ ಸುಮಾರು ಒಂದು ವರ್ಷ ಊರ ಬಯಲಿನ ಗಾಳಿಗಿರಣಿಯಲ್ಲಿ ಕೆಲಸ ಮಾಡಿದನು.

ಈ ಒಂದು ವರ್ಷವನ್ನು ಆತನ ಚರಿತ್ರಕಾರರು ಗೌರವದಿಂದ ಸ್ಮರಿಸುತ್ತಾರೆ. ಗಾಳಿಗಿರಣಿಯವನಿಗೆ ಆಕಾಶವೆಂಬುದು ಸೌಂದರ್ಯದ ವಸ್ತುವಾಗುವುದಕ್ಕೆ ಮುಂಚೆ ಜೀವನೋಪಾಯದ ವಸ್ತು. ಯಾವ ಮೋಡ ಗಾಳಿಯನ್ನು ತರುತ್ತದೆ, ಯಾವುದು ಬರಿದೆ ಹಾದುಹೋಗುತ್ತದೆ, ಬಿರುಗಾಳಿ ಬರುವ ಮೊದಲು ರೆಕ್ಕೆಗಳ ಹಾಯಿಬಟ್ಟೆಯನ್ನು ಯಾವಾಗ ಸುತ್ತಿಡಬೇಕು ಎಂಬುದನ್ನು ಅರಿಯದವನ ಗಿರಣಿ ಮುರಿದುಬೀಳುತ್ತದೆ. ನೀರಿನ ಗಿರಣಿಯವನಿಗೂ ಅಂತೆಯೇ ಹೊಳೆಯ ಏರಿಳಿತ, ತೂಬಿನ ಹಿಡಿತ, ಮಳೆಯ ಲಕ್ಷಣ ಇವೆಲ್ಲ ನಿತ್ಯದ ಲೆಕ್ಕಾಚಾರ. ಜಾನನ ತಮ್ಮ ಏಬ್ರಮ್ ಮುಂದೆ ಗಿರಣಿಗಳನ್ನು ವಹಿಸಿಕೊಂಡವನು. ಅಣ್ಣ ಬರೆದ ಗಿರಣಿಯನ್ನು ನೋಡಿದರೆ ಅದು ತಿರುಗುತ್ತದೆಂದು ನಂಬಿಕೆ ಬರುತ್ತದೆ, ಮಿಕ್ಕ ಚಿತ್ರಕಾರರ ಗಿರಣಿಗಳ ವಿಷಯದಲ್ಲಿ ಹಾಗೆ ಹೇಳಲಾಗದು ಎಂದು ಆತ ಅಭಿಪ್ರಾಯಪಟ್ಟಿದ್ದನೆಂದು ಕಾನ್‌ಸ್ಟೆಬಲನ ಮಿತ್ರನೂ ಚರಿತ್ರಕಾರನೂ ಆದ ಸಿ. ಆರ್. ಲೆಸ್ಲಿ ಬರೆದಿದ್ದಾನೆ. ವೃತ್ತಿಯವನ ಬಾಯಿಂದ ಬಂದ ಈ ಮಾತಿಗಿಂತ ಮೇಲಾದ ವಿಮರ್ಶೆ ಈ ಚಿತ್ರಗಳಿಗೆ ದೊರೆಯುವುದು ಕಷ್ಟ.

೧೭೯೯ರಲ್ಲಿ ತಂದೆಯ ಸಮ್ಮತಿ ಪಡೆದು ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದ ಆತನಿಗೆ ಅಲ್ಲಿ ಎದುರಾದುದು ಬೇರೆಯೇ ಒಂದು ಲೋಕ. ಚಿತ್ರಕಲೆಯಲ್ಲಿ ಪುರಾಣ ಮತ್ತು ಇತಿಹಾಸಗಳಿಗೆ ಅಗ್ರಸ್ಥಾನ, ಭೂದೃಶ್ಯಕ್ಕೆ ಕೆಳಗಿನ ಸ್ಥಾನ ಎಂಬುದು ಅಂದಿನ ಪಂಡಿತರ ಶ್ರೇಣೀಕರಣ. ಭೂದೃಶ್ಯವನ್ನು ಬರೆಯುವುದಾದರೂ ಅದರಲ್ಲಿ ಇಟಲಿಯ ಹೊಂಬಿಸಿಲು, ಭಗ್ನದೇವಾಲಯಗಳು, ಹಳೆಯ ವಾರ್ನಿಷಿನ ಕಂದುಛಾಯೆ ಇರಬೇಕೆಂಬುದು ರಸಿಕರ ನಿರೀಕ್ಷೆ. ಆತನ ಹಿತೈಷಿಯೂ ದೊಡ್ಡ ಕಲಾಸಂಗ್ರಾಹಕನೂ ಆಗಿದ್ದ ಸರ್ ಜಾರ್ಜ್ ಬೋಮಾಂಟ್ ಒಮ್ಮೆ, ಚಿತ್ರದ ಒಟ್ಟು ವರ್ಣವು ಹಳೆಯ ಪಿಟೀಲಿನ ಬಣ್ಣದಂತಿರಬೇಕೆಂದು ಉಪದೇಶಿಸಿದಾಗ, ಕಾನ್‌ಸ್ಟೆಬಲ್ ವಾದಕ್ಕೆ ಹೋಗದೆ ಒಂದು ಹಳೆಯ ಪಿಟೀಲನ್ನು ತಂದು ಮನೆಯ ಮುಂದಿನ ಹಸುರು ಹುಲ್ಲಿನ ಮೇಲಿಟ್ಟು ತೋರಿಸಿದನಂತೆ. ಲೆಸ್ಲಿ ಹೇಳುವ ಈ ಪ್ರಸಂಗದಲ್ಲಿ ಆತನ ಕಲಾಸಿದ್ಧಾಂತವೆಲ್ಲ ಅಡಗಿದೆ: ಗುರುಗಳು ಹೇಳಿದ ಬಣ್ಣಕ್ಕಿಂತ ಹುಲ್ಲು ತಾನೇ ತೋರಿಸುವ ಬಣ್ಣ ಹೆಚ್ಚಿನ ಪ್ರಮಾಣ.

ಆರಡಿಯ ಸಾಹಸ

ಈ ಸಿದ್ಧಾಂತವನ್ನು ಹಿಡಿದವನಿಗೆ ಲೌಕಿಕವಾದ ಯಶಸ್ಸು ಬೇಗ ದೊರೆಯುವಂತಿರಲಿಲ್ಲ. ಮರಿಯಾ ಬಿಕ್ನೆಲ್ ಎಂಬಾಕೆಯನ್ನು ಪ್ರೀತಿಸಿದ ಆತ, ಬಡ ಚಿತ್ರಕಾರನಿಗೆ ಹೆಣ್ಣು ಕೊಡಲು ಅವಳ ಮನೆಯವರು ಒಪ್ಪದಿದ್ದುದರಿಂದ ವರ್ಷಗಟ್ಟಲೆ ಕಾದು, ೧೮೧೬ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಮದುವೆಯಾದನು. ಅಷ್ಟರಲ್ಲಿ ತಾಯಿ ತಂದೆಗಳಿಬ್ಬರೂ ತೀರಿಹೋಗಿದ್ದರು. ಸಂಸಾರ ಲಂಡನ್ನಿನಲ್ಲಿ ನೆಲೆಯೂರಿತು, ಊರು ದೂರವಾಯಿತು. ಆ ಊರಿನ ಹೊಳೆಯನ್ನು ಮಹಾಪ್ರಮಾಣದಲ್ಲಿ ಬರೆಯಬೇಕೆಂಬ ಸಂಕಲ್ಪ ಆತನಲ್ಲಿ ಬಲಿತುದು ಈ ದೂರದಲ್ಲಿಯೇ.

ರಾಯಲ್ ಅಕಾಡೆಮಿಯ ವಾರ್ಷಿಕ ಪ್ರದರ್ಶನ ಆಗ ಸಾಮರ್‌ಸೆಟ್ ಹೌಸಿನಲ್ಲಿ ನಡೆಯುತ್ತಿತ್ತು. ಗೋಡೆಯ ತಳದಿಂದ ಚಾವಣಿಯವರೆಗೆ ಚೌಕಟ್ಟಿಗೆ ಚೌಕಟ್ಟು ತಾಗುವಂತೆ ನೂರಾರು ಚಿತ್ರಗಳನ್ನು ತೂಗುಹಾಕುತ್ತಿದ್ದ ಆ ಸಂದಣಿಯಲ್ಲಿ ಚಿಕ್ಕ ಚಿತ್ರ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಆದುದರಿಂದ ಕಾನ್‌ಸ್ಟೆಬಲ್, ಇತಿಹಾಸದ ಮಹಾಘಟನೆಗಳಿಗೆ ಮೀಸಲೆಂದು ಭಾವಿಸಲಾಗಿದ್ದ ಆರಡಿ ಅಗಲದ ಕ್ಯಾನ್‌ವಾಸನ್ನು ಎತ್ತಿಕೊಂಡು, ಅದರ ಮೇಲೆ ದೋಣಿಯಾಳುಗಳನ್ನೂ ಗಾಡಿಯವರನ್ನೂ ಗಿರಣಿಯ ಕಾಲುವೆಯನ್ನೂ ಬರೆಯತೊಡಗಿದನು. ೧೮೧೯ರ 'ದಿ ವೈಟ್ ಹಾರ್ಸ್' ಈ ಸಾಲಿನಲ್ಲಿ ಮೊದಲನೆಯದು. ಸಾಲ್ಸ್‌ಬರಿಯ ಪಾದ್ರಿ ಜಾನ್ ಫಿಷರ್ ಎಂಬ ಆಪ್ತಮಿತ್ರ ಅದನ್ನು ೧೦೦ ಗಿನಿಗೆ ಕೊಂಡನು. ಅದೇ ವರ್ಷ ಅಕಾಡೆಮಿಯ ಸಹಸದಸ್ಯತ್ವವೂ ದೊರೆಯಿತು. ಮರುವರ್ಷ 'ಸ್ಟ್ರಾಟ್‌ಫರ್ಡ್ ಮಿಲ್'. ಮೂರನೆಯದೇ ಹೇ ವೇನ್.

ಆರಡಿಯ ಚಿತ್ರವನ್ನು ಬಯಲಿನಲ್ಲಿ ನಿಂತು ಬರೆಯಲಾಗುವುದಿಲ್ಲ. ವರ್ಷಗಳ ಹಿಂದೆ ಸ್ಥಳದಲ್ಲಿಯೇ ಬರೆದಿಟ್ಟಿದ್ದ ಚಿಕ್ಕ ತೈಲಾಭ್ಯಾಸಗಳನ್ನೂ ರೇಖಾಚಿತ್ರಗಳನ್ನೂ ಮುಂದಿಟ್ಟುಕೊಂಡು, ಮೊದಲು ಪೂರ್ಣಪ್ರಮಾಣದ ಒಂದು ಕರಡನ್ನು ಬಣ್ಣದಲ್ಲಿಯೇ ರಭಸದಿಂದ ಬರೆದು, ಬಳಿಕ ಇನ್ನೊಂದು ಕ್ಯಾನ್‌ವಾಸಿನ ಮೇಲೆ ಅಂತಿಮ ಚಿತ್ರವನ್ನು ರಚಿಸುವುದು ಕಾನ್‌ಸ್ಟೆಬಲ್ ತನಗಾಗಿ ರೂಢಿಸಿಕೊಂಡ ಕ್ರಮ. ಹೇ ವೇನಿನ ಆ ಕರಡು ಇಂದು ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಕಂದುಬಣ್ಣದ ತಳಲೇಪ ಅಲ್ಲಲ್ಲಿ ಹಾಗೆಯೇ ಕಾಣುವ, ಕುಂಚದ ಹೊಡೆತಗಳು ಬಿರುಸಾಗಿರುವ ಆ ಕೃತಿಯನ್ನು ಇಂದಿನ ಅನೇಕ ಕಲಾವಿದರು ಮುಗಿಸಿದ ಚಿತ್ರಕ್ಕಿಂತ ಮಿಗಿಲೆಂದು ಎಣಿಸುವುದುಂಟು. ಕರಡಿನಲ್ಲಿ ಮುನ್ನೆಲದ ದಡದಲ್ಲಿ ಒಬ್ಬ ಕುದುರೆಸವಾರನಿದ್ದಾನೆ. ಅಂತಿಮ ಚಿತ್ರದಲ್ಲಿ ಆತನನ್ನು ಬಿಟ್ಟು, ಆ ಸ್ಥಳದಲ್ಲೊಂದು ಪೀಪಾಯಿಯನ್ನು ಬರೆದು, ಕಡೆಗೆ ಅದನ್ನೂ ಬಣ್ಣದಿಂದ ಮುಚ್ಚಿಬಿಟ್ಟಿದ್ದಾನೆ. ಬಂಡಿಯ ಕಡೆಗೆ ಸಾಗುವ ನೋಟಕ್ಕೆ ಅಡ್ಡಬರುವುದು ಯಾವುದೂ ಉಳಿಯದಿರುವುದೇ ಈ ತಿದ್ದುಪಡಿಗಳ ಫಲ.

ಚಿತ್ರದ ಕೇಂದ್ರವಾದ ಬಂಡಿಯ ಬಗೆಗಂತೂ ಆತನಿಗೆ ನೆನಪೊಂದೇ ಸಾಲಲಿಲ್ಲ. ಅದರ ಅಚ್ಚು, ಪಕ್ಕದ ಕಟಕಟೆ, ಗಾಲಿಗಳ ಅಳತೆ ಸರಿಯಾಗಿರಬೇಕೆಂದು ಊರಿಗೆ ಹೇಳಿಕಳುಹಿಸಿ, ತಮ್ಮ ಏಬ್ರಮನ ಮೂಲಕ, ಊರಿನ ಡನ್‌ತಾರ್ನ್ ಎಂಬ ತರುಣನಿಂದ ಸುಗ್ಗಿಯ ಬಂಡಿಯ ರೇಖಾಚಿತ್ರವನ್ನು ೧೮೨೧ರ ಆರಂಭದಲ್ಲಿ ತರಿಸಿಕೊಂಡನು. ಪ್ರದರ್ಶನಕ್ಕೆ ಚಿತ್ರವನ್ನು ಒಪ್ಪಿಸಲು ಆಗ ಕೆಲವೇ ವಾರಗಳಿದ್ದುವು.

ಚಿತ್ರದೊಳಗೆ

ಈಗ ಚಿತ್ರದ ಮುಂದೆ ನಿಲ್ಲೋಣ. ನಾವು ನಿಂತಿರುವುದು ಫ್ಲಾಟ್‌ಫರ್ಡ್ ಗಿರಣಿಯ ಅಂಗಳದಲ್ಲಿ. ಗಿರಣಿ ನಮ್ಮ ಬೆನ್ನ ಹಿಂದಿರುವುದರಿಂದ ಚಿತ್ರದಲ್ಲಿ ಕಾಣುವುದಿಲ್ಲ, ಆದರೆ ಮುಂದಿರುವ ಮಡುವಿನ ನೀರು ಗಿರಣಿಯ ನೀರೇ. ಎಡಗಡೆಯ ಮನೆ ವಿಲಿ ಲಾಟ್ ಎಂಬ ರೈತನದು. ಎಂಬತ್ತು ವರ್ಷಗಳಿಗೂ ಮಿಕ್ಕಿ ಅದೇ ಮನೆಯಲ್ಲಿ ಬಾಳಿದ ಆತ ಅದನ್ನು ಬಿಟ್ಟು ಹೊರಗೆ ಕಳೆದುದು ಪೂರ್ತಿ ನಾಲ್ಕು ದಿನವೂ ಇಲ್ಲವೆಂದು ಲೆಸ್ಲಿ ದಾಖಲಿಸಿದ್ದಾನೆ. ಮನೆಯ ಮಗ್ಗುಲಲ್ಲಿ ಒಬ್ಬ ಹೆಂಗಸು ನೀರಿನತ್ತ ಬಾಗಿದ್ದಾಳೆ. ಬಲದಂಚಿನ ಜೊಂಡಿನ ಬಳಿ ದೋಣಿಯ ಪಕ್ಕದಲ್ಲೊಬ್ಬ ಮೀನುಗಾರ. ಇವರನ್ನೆಲ್ಲ ದಾಟಿ, ದೂರದ ಹುಲ್ಲುಗಾವಲಿನ ಮೇಲೆ ಕಣ್ಣನ್ನು ನಿಧಾನವಾಗಿ ಹರಿಯಬಿಟ್ಟರೆ ಮಾತ್ರ ಕಾಣಿಸುವಂಥ ಬಿಳಿಯ ಚುಕ್ಕೆಗಳಿವೆ: ಅವರು ಹುಲ್ಲು ಕೊಯ್ಯುವ ಆಳುಗಳು; ಅವರ ಬಳಿ ಇನ್ನೊಂದು ಬಂಡಿ ಹುಲ್ಲಿನಿಂದ ತುಂಬುತ್ತಿದೆ.

ಈ ದೂರದ ಬಂಡಿಯನ್ನು ಕಂಡಮೇಲೆ ಹತ್ತಿರದ ಬಂಡಿ ಅರ್ಥವಾಗುತ್ತದೆ. ಅದು ಬರಿದಾಗಿರುವುದು ವಿಶ್ರಾಂತಿಗಾಗಿ ಅಲ್ಲ, ಹೊಳೆಯನ್ನು ಹಾಯ್ದು ಮತ್ತೆ ಹುಲ್ಲು ಹೇರುವುದಕ್ಕೆ ಹೊರಟಿರುವುದರಿಂದ. ನೀರಿನಲ್ಲಿ ಅದು ತಡೆದು ನಿಂತಂತಿರುವುದಕ್ಕೂ ಕಾರಣವನ್ನು ಹೇಳುವವರಿದ್ದಾರೆ: ಒಣಹವೆಯಲ್ಲಿ ಗಾಲಿಯ ಮರ ಕುಗ್ಗಿ ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ; ನಮ್ಮ ರೈತರು ಎತ್ತಿನ ಗಾಡಿಯ ಗಾಲಿಯನ್ನು ಕೆರೆಯ ನೀರಿನಲ್ಲಿ ನೆನೆಸಿ ಬಿಗಿಮಾಡಿಕೊಳ್ಳುವಂತೆ ಅಲ್ಲಿಯೂ ಗಾಲಿಗಳಿಗೆ ನೀರೂಡಿಸುವ, ಜೊತೆಗೆ ಕುದುರೆಗಳ ಕಾಲನ್ನು ತಂಪುಮಾಡುವ ರೂಢಿಯಿತ್ತು. ಹೀಗೆ ನೋಡಿದರೆ ಚಿತ್ರದಲ್ಲಿ ಅಲಂಕಾರಕ್ಕೆಂದು ತಂದಿಟ್ಟ ವಸ್ತು ಒಂದೂ ಇಲ್ಲ. ಪ್ರತಿಯೊಂದಕ್ಕೂ ಆ ಮಧ್ಯಾಹ್ನದ ಕೆಲಸದಲ್ಲಿ ಒಂದು ಪಾಲಿದೆ. ಕಾನ್‌ಸ್ಟೆಬಲ್ ಅದಕ್ಕೆ ಕೊಟ್ಟಿದ್ದ ಹೆಸರೂ 'ಭೂದೃಶ್ಯ: ಮಧ್ಯಾಹ್ನ' ಎಂಬಷ್ಟೇ. ಹೇ ವೇನ್ ಎಂಬುದು ಮಿತ್ರ ಫಿಷರ್ ಸಲಿಗೆಯಿಂದ ಕರೆದ ಹೆಸರು.

ಇನ್ನೂ ಹತ್ತಿರ ಹೋಗಿ ಬಣ್ಣವನ್ನು ನೋಡಬೇಕು. ದೂರದಿಂದ ಒಂದೇ ಹಸುರೆಂದು ತೋರಿದ ಮರಗಳು, ಹತ್ತಿರದಲ್ಲಿ ಹಳದಿಹಸುರು, ಕಪ್ಪುಹಸುರು, ನೀಲಿಹಸುರು, ಕಂದುಹಸುರುಗಳ ಅಸಂಖ್ಯ ಚಿಕ್ಕ ಚಿಕ್ಕ ಸ್ಪರ್ಶಗಳಾಗಿ ಒಡೆದುಕೊಳ್ಳುತ್ತವೆ. ಹುಲ್ಲುಗಾವಲಿನ ಹಸುರು ಜೀವಂತವಾಗಿರುವುದು ಅದು ಹಲವು ಹಸುರುಗಳಿಂದ ಕೂಡಿರುವುದರಿಂದಲೇ ಎಂಬ ಕಾನ್‌ಸ್ಟೆಬಲನ ತತ್ತ್ವವನ್ನು ಫ್ರಾನ್ಸಿನ ಮಹಾಚಿತ್ರಕಾರ ಡೆಲಕ್ರಾ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಈ ಹಸುರಿನ ನಟ್ಟನಡುವೆ ಕುದುರೆಗಳ ಕೊರಳಸಜ್ಜಿನ ಕೆಂಪು, ತೀರ ಸ್ವಲ್ಪವೇ ಇದ್ದು, ಸುತ್ತಲಿನ ಹಸುರನ್ನೆಲ್ಲ ಹೊಳೆಯಿಸುತ್ತದೆ. ಎಲೆಗಳ ಅಂಚಿನಲ್ಲಿ, ನೀರಿನ ಮೇಲ್ಮೈಯಲ್ಲಿ, ಒದ್ದೆಯಾದ ಮರದ ಮೇಲೆ ಬಿಳಿಯ ಬಣ್ಣದ ಪುಟ್ಟ ಪುಟ್ಟ ತುಣುಕುಗಳು ಚಿಮುಕಿಸಿದಂತಿವೆ. ಮಳೆ ನಿಂತ ಮೇಲೆ, ಗಾಳಿ ಬೀಸುವಾಗ, ಎಲೆ ಎಲೆಯೂ ಬೆಳಕನ್ನು ಹಿಡಿದು ಬಿಡುವ ಮಿನುಗನ್ನು ತೈಲವರ್ಣದಲ್ಲಿ ಹಿಡಿಯಲು ಆತ ಕಂಡುಕೊಂಡ ಉಪಾಯವಿದು. ನಯವಾದ ಲೇಪಕ್ಕೆ ಒಗ್ಗಿದ್ದ ಸಮಕಾಲೀನರು ಇದನ್ನು ಕಾನ್‌ಸ್ಟೆಬಲನ ಹಿಮವೆಂದು ಹಳಿದರು. ಅವರು ಹಳಿದುದನ್ನೇ ಮುಂದಿನ ತಲೆಮಾರು ಕಲಿತುಕೊಂಡಿತು.

ಕಡೆಗೆ ಆಕಾಶ. ಎಡದಲ್ಲಿ ಮಳೆಯನ್ನು ಹೊತ್ತ ಕಪ್ಪುಮೋಡ, ಬಲಕ್ಕೆ ಹೋದಂತೆ ತಿಳಿಯಾಗುವ ಬೆಳ್ಮುಗಿಲು. ಮೋಡದ ನೆರಳು ಬಿದ್ದ ಕಡೆ ನೆಲ ತಣ್ಣಗಿದೆ. ಮೋಡ ಬಿರಿದ ಕಡೆ ಹುಲ್ಲುಗಾವಲು ಹೊನ್ನಾಗಿದೆ. ಅಂದರೆ ನೆಲದ ಮೇಲಿನ ಬೆಳಕೆಲ್ಲ ಆಕಾಶದ ಆಜ್ಞೆಯನ್ನು ಪಾಲಿಸುತ್ತಿದೆ. ಅದೇ ೧೮೨೧ರ ಅಕ್ಟೋಬರಿನಲ್ಲಿ ಫಿಷರನಿಗೆ ಬರೆದ ಪತ್ರದಲ್ಲಿ, ಭೂದೃಶ್ಯದಲ್ಲಿ ಭಾವಕ್ಕೆ ಮುಖ್ಯವಾದ ಅಂಗ ಆಕಾಶವೇ ಎಂದು ಕಾನ್‌ಸ್ಟೆಬಲ್ ವಾದಿಸಿದ್ದಾನೆ. ಗಿರಣಿಯ ಕಟ್ಟೆಯಿಂದ ಧುಮುಕುವ ನೀರಿನ ಸದ್ದು, ಕೊಳೆತ ಹಲಗೆ, ಪಾಚಿಗಟ್ಟಿದ ಕಂಬ, ಇಟ್ಟಿಗೆಯ ಗೋಡೆ ಇವೇ ತನ್ನನ್ನು ಚಿತ್ರಕಾರನನ್ನಾಗಿ ಮಾಡಿದುವೆಂಬ ಕೃತಜ್ಞತೆಯೂ ಅದೇ ಪತ್ರದಲ್ಲಿದೆ. ಆ ವರ್ಷವೂ ಮರುವರ್ಷವೂ ಲಂಡನ್ನಿನ ಬಳಿಯ ಹ್ಯಾಂಪ್‌ಸ್ಟೆಡ್ ದಿಬ್ಬದ ಮೇಲೆ ನಿಂತು, ಬರಿಯ ಮೋಡಗಳನ್ನೇ ಹತ್ತಾರು ಬಾರಿ ಬರೆದು, ಹಿಂಬದಿಯಲ್ಲಿ ದಿನ, ವೇಳೆ, ಗಾಳಿಯ ದಿಕ್ಕುಗಳನ್ನು ಆತ ಗುರುತುಮಾಡಿಟ್ಟನು. ೧೮೩೬ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸ ಮಾಡುವಾಗ, ಚಿತ್ರಕಲೆಯೂ ಒಂದು ಶಾಸ್ತ್ರವೆಂದೂ ಭೂದೃಶ್ಯಗಳನ್ನು ಪ್ರಕೃತಿನಿಯಮಗಳ ಅನ್ವೇಷಣೆಯಲ್ಲಿ ಮಾಡಿದ ಪ್ರಯೋಗಗಳೆಂದು ಏಕೆ ಭಾವಿಸಬಾರದೆಂದೂ ಆತ ಕೇಳಿದನು. ಗಾಳಿಗಿರಣಿಯಲ್ಲಿ ಆರಂಭವಾದ ಪಾಠ ಅಲ್ಲಿಗೆ ಬಂದು ಮುಟ್ಟಿತ್ತು.

ಪರದೇಶದ ಮನ್ನಣೆ

೧೮೨೧ರ ಪ್ರದರ್ಶನದಲ್ಲಿ ಚಿತ್ರವನ್ನು ಕೊಳ್ಳುವವರು ಯಾರೂ ಬರಲಿಲ್ಲ. ಆದರೆ ಆ ಸಮಯದಲ್ಲಿ ಲಂಡನ್ನಿನಲ್ಲಿದ್ದ ಫ್ರೆಂಚ್ ಚಿತ್ರಕಾರ ಜೆರಿಕೊ ಅದನ್ನು ಕಂಡು ಬೆರಗಾದನು. ಲೇಖಕ ಶಾರ್ಲ್ ನೊದಿಯೇ ಮುಕ್ತಕಂಠದಿಂದ ಹೊಗಳಿದನು. ಪ್ಯಾರಿಸಿನ ಚಿತ್ರವ್ಯಾಪಾರಿ ಜಾನ್ ಆರೋಸ್ಮಿತ್ ೧೮೨೨ರಲ್ಲಿ ೭೦ ಪೌಂಡು ಕೊಡಲು ಬಂದಾಗ ಕಾನ್‌ಸ್ಟೆಬಲ್ ಒಪ್ಪಲಿಲ್ಲ. ೧೮೨೪ರಲ್ಲಿ ಇನ್ನೊಂದು ದೊಡ್ಡ ಚಿತ್ರವನ್ನೂ ಒಂದು ಚಿಕ್ಕ ಕಡಲಚಿತ್ರವನ್ನೂ ಸೇರಿಸಿ ೨೫೦ ಪೌಂಡಿಗೆ ವ್ಯವಹಾರ ಮುಗಿಯಿತು. ಅದೇ ವರ್ಷ ಪ್ಯಾರಿಸಿನ ಸಲೋನ್ ಪ್ರದರ್ಶನದಲ್ಲಿ ಹೇ ವೇನ್ ಕಾಣಿಸಿಕೊಂಡಾಗ ಅಲ್ಲಿನ ಯುವಕಲಾವಿದರಲ್ಲಿ ಹೊಸ ಉತ್ಸಾಹವೇ ಎದ್ದಿತು. ದೊರೆ ಹತ್ತನೆಯ ಚಾರ್ಲ್ಸ್ ಚಿನ್ನದ ಪದಕವಿತ್ತನು. ಕಾನ್‌ಸ್ಟೆಬಲನ ಕೃತಿಗಳನ್ನು ಕಂಡ ಡೆಲಕ್ರಾ, ಸಲೋನಿಗೆ ಸಿದ್ಧವಾಗಿದ್ದ ತನ್ನ ಮಹಾಚಿತ್ರವೊಂದನ್ನು ಅಲ್ಲಲ್ಲಿ ತಿದ್ದಿದನೆಂಬುದು ಕಲಾಚರಿತ್ರೆಯಲ್ಲಿ ಪ್ರಸಿದ್ಧವಾದ ಮಾತು. ಮುಂದೆ ಬಯಲಿಗೆ ಹೋಗಿ ನಿಸರ್ಗವನ್ನು ನೇರವಾಗಿ ಬರೆದ ಫ್ರೆಂಚ್ ಚಿತ್ರಕಾರರ ಪರಂಪರೆ ಈ ಗಿರಣಿಯವನ ಮಗನಿಗೆ ಋಣಿಯಾಗಿದೆ. ಆತನಾದರೋ ಪದಕ ತರಲು ಕೂಡ ಪ್ಯಾರಿಸಿಗೆ ಹೋಗಲಿಲ್ಲ.

ಸ್ವದೇಶದಲ್ಲಿ ಅಕಾಡೆಮಿಯ ಪೂರ್ಣಸದಸ್ಯತ್ವ ದೊರೆತುದು ೧೮೨೯ರಲ್ಲಿ, ಒಂದೇ ಮತದ ಬಹುಮತದಿಂದ. ಅದಕ್ಕೆ ಕೆಲವು ತಿಂಗಳು ಮೊದಲು ಮರಿಯಾ ಏಳು ಮಕ್ಕಳನ್ನು ಬಿಟ್ಟು ಕ್ಷಯದಿಂದ ಮಡಿದಿದ್ದಳು. ಯಾರ ಸಲುವಾಗಿ ಕೀರ್ತಿಯನ್ನು ಬಯಸಿದ್ದನೋ ಅವಳಿಲ್ಲದ ಮನೆಗೆ ಬಂದ ಆ ಗೌರವದಿಂದ ಆತನಿಗೆ ಸಂತೋಷವಾಗಲಿಲ್ಲ. ೧೮೩೭ರ ಮಾರ್ಚ್ ೩೧ರಂದು ಕಾನ್‌ಸ್ಟೆಬಲ್ ಕಾಲವಾದನು.

ಬರೆಯದೆ ಬಿಟ್ಟುದು

ಚಿತ್ರದ ಸತ್ಯವನ್ನು ಕೊಂಡಾಡುವಾಗ ಅದು ಹೇಳದೆ ಬಿಟ್ಟುದನ್ನೂ ಹೇಳುವುದು ನ್ಯಾಯ. ನೆಪೋಲಿಯನ್ನನ ಯುದ್ಧಗಳು ೧೮೧೫ರಲ್ಲಿ ಮುಗಿದ ತರುವಾಯ ಧಾನ್ಯದ ಬೆಲೆ ಕುಸಿದು, ಸೇನೆಯಿಂದ ಬಿಡುಗಡೆಯಾದವರು ಊರಿಗೆ ಮರಳಿ, ಒಕ್ಕಣೆಯ ಯಂತ್ರಗಳು ಚಳಿಗಾಲದ ಕೂಲಿಯನ್ನು ಕಸಿದುಕೊಂಡು, ಪೂರ್ವ ಇಂಗ್ಲೆಂಡಿನ ಕೂಲಿಕಾರರು ಕಷ್ಟಕ್ಕೆ ಸಿಕ್ಕಿದ್ದರು. ೧೮೧೬ರಲ್ಲಿ ಅಲ್ಲಿ ರೊಟ್ಟಿಗಾಗಿ ದಂಗೆಗಳಾದುವು. ೧೮೨೨ರಲ್ಲಿ ಸಫಕ್ಕಿನಲ್ಲಿ ರಾತ್ರಿ ರಾತ್ರಿಯೂ ಎಲ್ಲಾದರೊಂದು ಕಡೆ ಬೆಂಕಿ ಕಾಣುತ್ತದೆಂಬ ಸುದ್ದಿ ತಮ್ಮನಿಂದ ಬಂದುದನ್ನು ಕಾನ್‌ಸ್ಟೆಬಲ್ ತಾನೇ ಒಂದು ಪತ್ರದಲ್ಲಿ ಬರೆದಿದ್ದಾನೆ. ಹುಲ್ಲುಗಾವಲಿನ ದೂರದಲ್ಲಿ ಚುಕ್ಕೆಗಳಾಗಿ ಕಾಣುವ ಆಳುಗಳ ಮನೆಗಳಲ್ಲಿ ಆ ಮಧ್ಯಾಹ್ನ ಊಟವಿದ್ದಿತೋ ಇಲ್ಲವೋ ಎಂಬ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ. ಗಿರಣಿಯ ಒಡೆಯನ ಮಗ ಗಿರಣಿಯ ಅಂಗಳದಿಂದ ಕಂಡ ನೋಟವಿದು. ಅದರ ಬಲವೂ ಮಿತಿಯೂ ಆ ಒಂದೇ ಸ್ಥಾನದಿಂದ ಬಂದವು.

ಆದರೂ ಈ ಚಿತ್ರವನ್ನು ಬರಿಯ ಮರೀಚಿಕೆಯೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ತಮ್ಮ ನೆಲಕ್ಕೆ ಅಪಾಯ ಬಂದಿತೆಂದು ತೋರಿದಾಗಲೆಲ್ಲ ಇಂಗ್ಲೆಂಡಿನವರು ಇದರ ಕಡೆಗೇ ತಿರುಗಿದ್ದಾರೆ. ೧೯೮೦ರಲ್ಲಿ ಪೀಟರ್ ಕೆನ್ನಾರ್ಡ್ ಎಂಬ ಕಲಾವಿದ ಇದೇ ಬಂಡಿಯ ಮೇಲೆ ಅಣ್ವಸ್ತ್ರದ ಕ್ಷಿಪಣಿಗಳನ್ನು ಹೇರಿದಂತೆ ಚಿತ್ರಿಸಿ ಯುದ್ಧಸಿದ್ಧತೆಯನ್ನು ಪ್ರತಿಭಟಿಸಿದನು; ೨೦೨೨ರ ಜುಲೈಯಲ್ಲಿ ಇಬ್ಬರು ತರುಣ ಪರಿಸರ ಹೋರಾಟಗಾರರು ಹಾಳಾದ ಭೂಮಿಯ ಮುದ್ರಿತ ಚಿತ್ರವನ್ನು ಇದರ ಮೇಲೆ ಅಂಟಿಸಿದರು. ಕಲಾಕೃತಿಯನ್ನು ಮುಟ್ಟಿ ಪ್ರತಿಭಟಿಸುವ ರೀತಿಯನ್ನು ಒಪ್ಪಲಾಗದು. ಆದರೆ ಒಂದು ದೇಶ ತನ್ನ ನೆಲದ ಕ್ಷೇಮವನ್ನು ಅಳೆಯಲು ಇನ್ನೂರು ವರ್ಷ ಹಳೆಯ ಒಂದು ಚಿತ್ರವನ್ನೇ ಅಳತೆಗೋಲಾಗಿ ಎತ್ತಿಕೊಳ್ಳುವುದಾದರೆ, ಆ ಚಿತ್ರ ನಿಜವನ್ನು ಎಷ್ಟು ಆಳವಾಗಿ ಹಿಡಿದಿರಬೇಕೆಂಬುದು ವಿಚಾರಾರ್ಹ.

ಫ್ರಾನ್ಸಿನಿಂದ ಇಂಗ್ಲೆಂಡಿಗೆ ಮರಳಿದ ಹೇ ವೇನನ್ನು ಹೆನ್ರಿ ವಾನ್ ಎಂಬ ಸಂಗ್ರಾಹಕ ಕೊಂಡು, ೧೮೮೬ರಲ್ಲಿ ನ್ಯಾಷನಲ್ ಗ್ಯಾಲರಿಗೆ ದಾನಮಾಡಿದನು. ವಿಲಿ ಲಾಟನ ಮನೆ ಇಂದಿಗೂ ಹೊಳೆಯ ಬದಿಯಲ್ಲಿ ನಿಂತಿದೆ. ಗ್ಯಾಲರಿಯ ಸಂಗ್ರಹವನ್ನು ನೋಡಲು ಪ್ರವೇಶಶುಲ್ಕವಿಲ್ಲ. ಓದು, ಉದ್ಯೋಗ, ಪ್ರವಾಸಗಳ ನಿಮಿತ್ತ ಲಂಡನ್ನಿಗೆ ಹೋಗುವ ಕನ್ನಡಿಗರು ಇಂದು ಕಡಿಮೆಯೇನಲ್ಲ. ಅವರಲ್ಲಿ ನನ್ನ ಬಿನ್ನಹವಿಷ್ಟೇ: ಈ ಚಿತ್ರದ ಮುಂದೆ ಫೋಟೊ ತೆಗೆದುಕೊಂಡು ಮುಂದಕ್ಕೆ ನಡೆಯದೆ, ಅರ್ಧ ಗಂಟೆಯನ್ನು ಅದಕ್ಕೆಂದೇ ಮೀಸಲಿಟ್ಟು, ಮೊದಲು ಆಕಾಶವನ್ನೂ ಅನಂತರ ನೆಲದ ಮೇಲಿನ ಬೆಳಕನ್ನೂ ಕಡೆಗೆ ದೂರದ ಆ ಬಿಳಿಯ ಚುಕ್ಕೆಗಳನ್ನೂ ನೋಡಿರಿ.